ಒಂಬತ್ತನೇ ಪೆಟ್ಟಿಗೆಯ ನೀರು

ಮಲೇಶಿಯಾದ ನಿಲಾಯ್‌ನ ವಿಶ್ವವಿದ್ಯಾಲಯದ ಹಿಂಭಾಗದಲ್ಲಿ, ಕಾರು ನಿಲ್ಲಿಸುವ ಜಾಗದ ಆಚೆ, ಯಾರೋ ತೆಂಗಿನ ಸಿಪ್ಪೆ, ತರಗೆಲೆ ರಾಶಿ ಹಾಕಿ ಬೆಂಕಿ ಕೊಟ್ಟಿದ್ದರು. ಕಾರಿನ ಬಾಗಿಲು ತೆಗೆದವಳು ಅಲ್ಲೇ ನಿಂತುಬಿಟ್ಟೆ. ಮಂಗಳೂರಿನ ಕಡೆ ಬೆಳೆದ ಯಾರಿಗಾದರೂ ಆ ವಾಸನೆ ಗೊತ್ತು. ಬಚ್ಚಲೊಲೆಯ ವಾಸನೆ ಅದು. ಸಂಜೆ ಶಾಲೆಯಿಂದ ಬರುವಾಗ ಗೇಟಿನ ಹತ್ತಿರವೇ ಆ ಹೊಗೆ ಮೂಗಿಗೆ ಬಿದ್ದರೆ ಅಮ್ಮ ಹಂಡೆಗೆ ನೀರು ತುಂಬಿಸಿದ್ದಾಳೆ, ಮನೆಯಲ್ಲಿ ಎಲ್ಲ ಸರಿಯಾಗಿದೆ ಎಂದು ಅರ್ಥ. ಈಗ ಅದೇ ವಾಸನೆ ಬಂದರೆ ಹೊಗೆ ಎಲ್ಲಿಂದ ಏಳುತ್ತಿದೆ ಎಂದು ಮೊದಲು ಹುಡುಕುತ್ತೇನೆ. ಮೂರು ವರ್ಷದಿಂದ ಹೀಗೆ.

ನಾನು ಅಲ್ಲಿಗೆ ಹೋದದ್ದು ಭಾಷಣ ಮಾಡಲು. ವಿದ್ಯಾರ್ಥಿಗಳು ಇಟ್ಟ ವಿಷಯ, ‘ಹವಾಮಾನದ ವಿಪತ್ತಿನಿಂದ ತಂತ್ರಜ್ಞಾನ ನಮ್ಮನ್ನು ಇನ್ನೂ ಉಳಿಸಬಲ್ಲದೇ?’ ಪೋಸ್ಟರಿನಲ್ಲಿ ಹಸಿರು ಭೂಗೋಳವನ್ನು ಎರಡು ಕೈಗಳು ಎತ್ತಿ ಹಿಡಿದಿದ್ದವು, ಒಂದು ಮನುಷ್ಯನದು, ಇನ್ನೊಂದು ರೋಬೋಟಿನದು. ಕೆಳಗೆ ನನ್ನ ಹೆಸರು, ಲವೀನಾ ಎಂದು, ಅದರ ಕೆಳಗೆ ‘ಜೌಗು ಕಾಡಿನ ಬೆಂಕಿ ಮುನ್ಸೂಚನೆಯ ತಜ್ಞೆ’. ನಾನು ಹೇಗೆ ತಜ್ಞೆಯಾದೆ ಎನ್ನುವುದನ್ನು ಪೋಸ್ಟರಿನಲ್ಲಿ ಹಾಕಲು ಜಾಗವಿರಲಿಲ್ಲ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೂರು ವರ್ಷದ ಹಿಂದಿನ ಮಾತು, ಆಗ ನಾವು ಕ್ವಾಲಾಲಂಪುರಕ್ಕೆ ಬಂದು ಆರು ವರ್ಷವಾಗಿತ್ತು. ಗಂಡ ರೋಶನ್ ಬ್ಯಾಂಕಿನ ಆಫೀಸಿನಲ್ಲಿ, ಮಗಳು ರಿಯಾ ಮೂರನೇ ಕ್ಲಾಸಿನಲ್ಲಿ, ಮನೆ ಬಾಂಗ್ಸಾರಿನ ಹನ್ನೊಂದನೇ ಮಹಡಿಯಲ್ಲಿ. ನನಗೆ ಅಲ್ಲೇ ನಡೆದು ಹೋಗುವಷ್ಟು ಹತ್ತಿರದಲ್ಲಿ ಒಂದು ಸಣ್ಣ ಕಂಪನಿಯಲ್ಲಿ ಕೆಲಸ. ಕಾಫಿ ಅಂಗಡಿಯ ಮೇಲಿನ ಮಹಡಿ, ಎಂಟು ಮೇಜು, ಒಂದು ದೊಡ್ಡ ಪರದೆ. ಅದನ್ನು ಶುರು ಮಾಡಿದವನು ಬೆಂಗಳೂರಿನ ಬಸವನಗುಡಿಯ ಕಾರ್ತಿಕ್. ನನಗಿಂತ ಎಂಟು ವರ್ಷಕ್ಕೆ ಚಿಕ್ಕವನು, ಒಳ್ಳೆಯ ಹುಡುಗ, ಬಾಯಿ ತೆರೆದರೆ ‘ಪ್ಲಾನೆಟ್’ ಎನ್ನುತ್ತಿದ್ದ. ಇಡೀ ಪ್ಲಾನೆಟ್ಟನ್ನು ಉಳಿಸುವ ಕೆಲಸವಾದ್ದರಿಂದ ಆಫೀಸಿನ ಸಿಂಕ್ ಸೋರುವುದನ್ನು ಸರಿಮಾಡಿಸಲು ಅವನಿಗೆ ಪುರುಸೊತ್ತು ಆಗಲೇ ಇಲ್ಲ.

ನಮ್ಮ ಕೆಲಸವೆಂದರೆ ಜೌಗು ಕಾಡಿಗೆ ಬೆಂಕಿ ಬೀಳುವ ಮೊದಲೇ ಎಚ್ಚರಿಸುವುದು. ಇಲ್ಲಿನ ಪಶ್ಚಿಮ ಕರಾವಳಿಯ ಜೌಗು ಕಾಡುಗಳಲ್ಲಿ ನೆಲವೇ ಬೇರೆ ತರಹ. ಕೊಳೆತೂ ಪೂರ್ತಿ ಕೊಳೆಯದ ಎಲೆ, ಬೇರು, ಮರದ ತುಂಡುಗಳು ಸಾವಿರಾರು ವರ್ಷ ನೀರಿನಲ್ಲಿ ನೆನೆದು ಕಪ್ಪಾಗಿ ಆದ ನೆಲ ಅದು. ನೀರು ತುಂಬಿರುವವರೆಗೆ ಭಯವಿಲ್ಲ. ನೀರು ಇಳಿಯಿತೋ, ಇಡೀ ನೆಲವೇ ಒಣ ಸೌದೆ. ಒಮ್ಮೆ ಹತ್ತಿಕೊಂಡರೆ ಬೆಂಕಿ ಮೇಲೆ ಕಾಣಿಸದೆ ನೆಲದ ಒಳಗೇ ಹರಿದಾಡುತ್ತದೆ. ಅಷ್ಟು ಕಾಲ ಒಳಗೆ ಅಡಗಿದ್ದ ಇಂಗಾಲವೆಲ್ಲ ಹೊಗೆಯಾಗಿ ಆಕಾಶಕ್ಕೆ ಹೋಗುತ್ತದೆ. ಭೂಮಿ ಬಿಸಿಯಾಗಿ ಮಳೆ ತಪ್ಪಿದರೆ ಕಾಡು ಒಣಗುತ್ತದೆ, ಕಾಡು ಉರಿದರೆ ಭೂಮಿ ಇನ್ನಷ್ಟು ಬಿಸಿಯಾಗುತ್ತದೆ. ಈ ಸುತ್ತನ್ನು ಒಂದು ಕಡೆ ಕತ್ತರಿಸಿಬಿಡುತ್ತೇವೆ ಎಂದು ನಾವು ಎಂಟು ಜನ ಮನಸಾರೆ ನಂಬಿದ್ದೆವು. ನೆಲಕ್ಕೆ ಉದ್ದನೆಯ ಕೊಳವೆ ಇಳಿಸಿ, ಅದರ ತಲೆಯ ಮೇಲೆ ಬಿಸಿಲಿನಿಂದ ನಡೆಯುವ ಒಂದು ಪೆಟ್ಟಿಗೆ ಕೂರಿಸಿದರೆ, ಒಳಗಿನ ನೀರು ಎಷ್ಟು ಕೆಳಗಿದೆ ಎಂದು ಅದು ಗಂಟೆಗೊಮ್ಮೆ ನಮ್ಮ ಪರದೆಗೆ ತಿಳಿಸುತ್ತದೆ. ನೀರು ಸಾಕಷ್ಟಿದ್ದರೆ ಹಸಿರು ಚುಕ್ಕೆ, ಅಪಾಯವಿದ್ದರೆ ಕೆಂಪು.

ಅಂಥ ಹನ್ನೆರಡು ಪೆಟ್ಟಿಗೆಗಳನ್ನು ನೆಟ್ಟ ಕಾಡನ್ನು ನನಗೆ ತೋರಿಸಿಕೊಟ್ಟವರು ಪಾಕ್ ದಾವೂದ್. ಪಾಕ್ ಎಂದರೆ ಇಲ್ಲಿ ಹಿರಿಯರನ್ನು ಕರೆಯುವ ರೀತಿ. ಕರಾವಳಿಯ ಭತ್ತದ ಬಯಲಿನ ಕೊನೆಯಲ್ಲಿ, ಕಾಡಿಗೆ ತಾಗಿದ ಹಳ್ಳಿಯಲ್ಲಿ ಅವರ ಮನೆ, ಗದ್ದೆ. ಅವರ ಪರಿಚಯ ಆದದ್ದು ಕೆಲಸದಿಂದಲ್ಲ, ನಮ್ಮ ಮೊಂತಿ ಹಬ್ಬದಿಂದ. ಮಾತೆ ಮರಿಯಮ್ಮನ ಹುಟ್ಟುಹಬ್ಬಕ್ಕೆ ನಾವು ಮಂಗಳೂರಿನ ಕ್ರೈಸ್ತರು ಹೊಸ ಭತ್ತದ ತೆನೆಯನ್ನು ಇಗರ್ಜಿಯಲ್ಲಿ ಆಶೀರ್ವಾದ ಮಾಡಿಸಿ ಮನೆಗೆ ತರುತ್ತೇವೆ. ಕಾಳು ಸುಲಿದು ಹಾಲಿಗೆ ಹಾಕಿ ಮನೆಮಂದಿಯೆಲ್ಲ ಒಂದೊಂದು ಗುಟುಕು ಕುಡಿದ ಮೇಲೆಯೇ ಹೊಸ ಅಕ್ಕಿಯ ಊಟ. ಕ್ವಾಲಾಲಂಪುರದಲ್ಲಿ ಮೊದಲ ವರ್ಷ ತೆನೆ ಸಿಗದೆ ಹೂವಿನ ಅಂಗಡಿಯ ಒಣ ಅಲಂಕಾರದ ಹುಲ್ಲನ್ನು ಹಿಡಿದುಕೊಂಡು ನಿಂತಿದ್ದೆವು. ನನಗೆ ಅವಮಾನವಾಗಿ, ಮರುವರ್ಷ ಕಾರು ಹತ್ತಿ ಗದ್ದೆ ಹುಡುಕುತ್ತಾ ಹೋದೆ. ಸಿಕ್ಕಿದವರು ಇವರು. ನಮಗೆ ತೆನೆ ಯಾಕೆ ಎಂದು ಕೇಳಿ ತಿಳಿದುಕೊಂಡರು. ಅವರ ಬೆಳೆಯ ಕಾಲಕ್ಕೂ ನಮ್ಮ ಹಬ್ಬಕ್ಕೂ ಹೊಂದುವುದಿಲ್ಲ ಎಂದು ಗೊತ್ತಾದ ಮೇಲೆ, ಮನೆಯ ಹಿಂದಿನ ಒಂದು ತುಂಡು ಗದ್ದೆಗೆ ಪ್ರತಿವರ್ಷ ಮುಂಚಿತವಾಗಿ ನಾಟಿ ಮಾಡತೊಡಗಿದರು. ಐದು ಹೊತ್ತು ನಮಾಜು ಮಾಡುವ ಆ ಮನುಷ್ಯ ಮರಿಯಮ್ಮನ ಹಬ್ಬಕ್ಕೆಂದೇ ಗದ್ದೆ ಹದಮಾಡುತ್ತಿದ್ದರು. ನನ್ನ ಮಲಯ ಭಾಷೆ ಹರಕು, ಅವರ ಇಂಗ್ಲಿಷ್ ಇನ್ನೂ ಹರಕು. ಲವೀನಾ ಎನ್ನುವುದು ಅವರ ಬಾಯಲ್ಲಿ ಲೀನಾ ಆಗಿತ್ತು. ಆದರೂ ಅವರ ಮಾತು ನನಗೆ ನಮ್ಮೂರಿನ ಯಾವುದೋ ಅಜ್ಜನ ಮಾತಿನ ಹಾಗೆಯೇ ನೆನಪಿದೆ, ಹಾಗೆಯೇ ಬರೆಯುತ್ತೇನೆ.

ಪಾಕ್ ದಾವೂದ್ ಎರಡು ದಿನಕ್ಕೊಮ್ಮೆ ಕಾಡು ಸುತ್ತುತ್ತಿದ್ದರು. ಅವರ ಹತ್ತಿರ ತಲೆಯವರೆಗೆ ಬರುವ ಒಂದು ಬಿದಿರಿನ ಕೋಲು ಇತ್ತು, ಗೇಣಿಗೊಂದರಂತೆ ಗೀರು ಹಾಕಿದ್ದು. ಅದನ್ನು ಅಲ್ಲಲ್ಲಿ ನೆಲದ ಗುಂಡಿಗಳಿಗೆ ಇಳಿಸಿ ನೀರು ಎಷ್ಟು ಗೀರಿಗೆ ತಾಗುತ್ತದೆ ನೋಡುವುದು, ಹಿಡಿ ಮಣ್ಣು ಎತ್ತಿ ಹಿಂಡುವುದು, ಮೂಸುವುದು. ಯಾರೂ ಅವರಿಗೆ ಆ ಕೆಲಸ ಹೇಳಿರಲಿಲ್ಲ. ಕಾಡಿನ ನೀರೇ ಹಳ್ಳಿಯ ಗದ್ದೆಗೆ ಇಳಿಯುವುದು, ಅಲ್ಲಿ ಒಣಗಿದರೆ ಇಲ್ಲಿ ಅನ್ನವಿಲ್ಲ, ಅಷ್ಟೇ ಅವರ ಲೆಕ್ಕ. ಎಪ್ಪತ್ತರ ಹತ್ತಿರದ ವಯಸ್ಸು, ಮಂಡಿ ನೋವು ಬೇರೆ. ಪೆಟ್ಟಿಗೆಗಳನ್ನು ನೆಟ್ಟು ಮುಗಿಸಿದ ದಿನ ನಾನು ಅವರ ಫೋನಿಗೆ ನಮ್ಮ ಪರದೆಯದ್ದೇ ಒಂದು ಸಣ್ಣ ರೂಪ ಹಾಕಿಕೊಟ್ಟೆ. ಹನ್ನೆರಡು ಹಸಿರು ಚುಕ್ಕೆ ನೋಡಿ ಮಗುವಿನಂತೆ ನಕ್ಕರು.

“ಇನ್ನು ನೀವು ನಡೆಯಬೇಕಾಗಿಲ್ಲ ಪಾಕ್,” ಎಂದೆ. “ಪೆಟ್ಟಿಗೆ ಹೇಳ್ತದೆ.”

“ನಿಜ ಹೇಳ್ತದಾ?”

“ನಿಜವೇ ಹೇಳ್ತದೆ. ನಾನಿಲ್ವಾ, ನಾನು ನೋಡ್ತೇನೆ.”

ಆ ಮಾತು ಕೊಟ್ಟವಳು ನಾನು. ಕೋಲು ಅವರ ಮನೆಯ ಬಾಗಿಲ ಹಿಂದೆ ಹೋಯಿತು.

ಪೆಟ್ಟಿಗೆಗಳು ಮೊದಲ ವರ್ಷ ನಮಗೆ ಕೊಟ್ಟ ಕಾಟ ಅಷ್ಟಿಷ್ಟಲ್ಲ. ಒಂದರೊಳಗೆ ಇರುವೆ ಗೂಡು ಕಟ್ಟಿತು. ಇನ್ನೊಂದರ ತಂತಿಯನ್ನು ಮಂಗ ಎಳೆಯಿತು. ಕಾಡುಹಂದಿಗಳು ಬಂದು ಕೊಳವೆಗೆ ಬೆನ್ನು ತಿಕ್ಕುವುದು, ಆಗ ಪರದೆಯ ಮೇಲೆ ನೀರು ಪಾತಾಳಕ್ಕೆ ಇಳಿದ ಹಾಗೆ ಕೆಂಪು ಚುಕ್ಕೆ. ಪ್ರತಿಯೊಂದು ಕೆಂಪು ಚುಕ್ಕೆಗೂ ನಲವತ್ತು ಜನರ ವಾಟ್ಸಪ್ ಗುಂಪಿಗೆ ಎಚ್ಚರಿಕೆ ಹೋಗುತ್ತಿತ್ತು. ಅಧಿಕಾರಿಗಳು, ಅಗ್ನಿಶಾಮಕದವರು, ಹಳ್ಳಿಯ ಮುಖಂಡರು, ಎಲ್ಲ ಇದ್ದ ಗುಂಪು. ಎರಡು ತಿಂಗಳಲ್ಲಿ ಎಲ್ಲರೂ ಅದನ್ನು ಸದ್ದಿಲ್ಲದ ಹಾಗೆ ಮಾಡಿಟ್ಟಿದ್ದರು. ಅಷ್ಟು ಹೊತ್ತಿಗೆ ಹಣ ಹೂಡುವವರು ಆಫೀಸು ನೋಡಲು ಬರುವುದಿತ್ತು.

“ಮೇಡಂ, ಸ್ಕ್ರೀನ್ ಮೇಲೆ ಸುಮ್‌ಸುಮ್ನೆ ಕೆಂಪು ಬಂದ್ರೆ ಕಷ್ಟ,” ಎಂದ ಕಾರ್ತಿಕ್. “ಡೇಟಾ ಸ್ವಲ್ಪ ಕ್ಲೀನ್ ಮಾಡಿ ಕೊಡಕ್ಕಾಗತ್ತಾ? ಮಂಗನ ಕಾಟ ಎಲ್ಲ ಫಿಲ್ಟರ್ ಆಗ್ಬಿಡ್ಬೇಕು.”

ಅದೇನು ಮೋಸದ ಕೆಲಸವಲ್ಲ. ಈ ಕಸುಬಿನಲ್ಲಿ ಎಲ್ಲರೂ ಮಾಡುತ್ತಾರೆ, ಮಾಡದವರನ್ನು ದಡ್ಡರು ಎನ್ನುತ್ತಾರೆ. ನಾನು ಒಂದು ಮಧ್ಯಾಹ್ನ ಕೂತು ನಾಲ್ಕು ಸಾಲು ಬರೆದೆ. ಯಾವುದಾದರೂ ಪೆಟ್ಟಿಗೆ ತನ್ನ ಅಕ್ಕಪಕ್ಕದವುಗಳಿಗಿಂತ ತೀರಾ ಬೇರೆ ಮಾತು ಹೇಳಿದರೆ ಅದನ್ನು ನಂಬಬೇಡ, ಅಕ್ಕಪಕ್ಕದವುಗಳ ಸರಾಸರಿಯನ್ನೇ ಅದರ ಮಾತೆಂದು ತೋರಿಸು. ಪರದೆ ತಣ್ಣಗೆ ಹಸಿರಾಯಿತು. ಕಾರ್ತಿಕ್ “ಸೂಪರ್ ಮೇಡಂ” ಎಂದು ಕೆಳಗಿನ ಅಂಗಡಿಯಿಂದ ಎಲ್ಲರಿಗೂ ಕಾಫಿ ತರಿಸಿದ. ನನಗೂ ಹೆಮ್ಮೆಯೇ ಆಗಿತ್ತು.

ಆ ವರ್ಷ ಜೂನಿನಿಂದಲೇ ಮಳೆ ಕೈಕೊಟ್ಟಿತು. ಮಲೇಶಿಯಾದ ಸಂಜೆಯ ಗುಡುಗು ಮಳೆಗೆ ಗಡಿಯಾರದಷ್ಟು ನಿಯತ್ತು, ಅದೂ ನಿಂತಿತು. ಹನ್ನೊಂದನೇ ಮಹಡಿಯಿಂದ ನೋಡಿದರೆ ಆಕಾಶ ತೊಳೆಯದ ಹಾಲಿನ ಪಾತ್ರೆಯ ಹಾಗೆ ಮಸುಕು. ಕೆಳಗಿನ ಮಾಮಕ್ ಹೋಟೆಲಿನವನು, ಅವನು ತಮಿಳು ಮುಸ್ಲಿಂ, ನಾನು ತಪಾವ್, ಅಂದರೆ ಪಾರ್ಸೆಲ್, ಕಟ್ಟಿಸಿಕೊಳ್ಳಲು ಹೋದಾಗಲೆಲ್ಲ “ಅಕ್ಕಾ, ವೆಯಿಲ್ ತಾಂಗ ಮುಡಿಯಲ ಲಾ” ಎಂದು ಬಿಸಿಲು ತಾಳಲಾರದೆ ಗೋಳಾಡುತ್ತಿದ್ದ. ನಾವು ಎಸಿ ಇನ್ನೊಂದು ಡಿಗ್ರಿ ಕಡಿಮೆ ಮಾಡಿದೆವು. ಭೂಮಿ ಬಿಸಿಯಾಗುವುದರ ಬಗ್ಗೆ ದಿನವಿಡೀ ಕೆಲಸ ಮಾಡುವವಳ ಮನೆಯಲ್ಲಿ ಮೂರು ಕೋಣೆಗೆ ಮೂರು ಎಸಿ ಓಡುತ್ತಿದ್ದವು ಎನ್ನುವುದನ್ನೂ ಬರೆದಿಡುತ್ತೇನೆ.

ಆಗಸ್ಟ್ ಕೊನೆಯ ಶನಿವಾರ ತೆನೆಯ ವಿಷಯ ಮಾತಾಡಲು ರಿಯಾಳನ್ನು ಕರೆದುಕೊಂಡು ಪಾಕ್ ದಾವೂದರ ಮನೆಗೆ ಹೋದೆ. ಹಿಂದಿನ ತುಂಡು ಗದ್ದೆಯಲ್ಲಿ ತೆನೆ ಬಂದಿತ್ತು, ಆದರೆ ನೀರಿರಲಿಲ್ಲ, ನೆಲ ಬಿರಿದಿತ್ತು. ಮನೆಯ ಜಗುಲಿಯಲ್ಲಿ ಕೂತು ಅವರ ಹೆಂಡತಿ ಕೊಟ್ಟ ಬಾಳೆಹಣ್ಣಿನ ಕರಿದ ತಿಂಡಿ ತಿನ್ನುತ್ತಿದ್ದೆವು. ಗಾಳಿ ಕಾಡಿನ ಕಡೆಯಿಂದ ಬೀಸಿತು. ಬಚ್ಚಲೊಲೆಯ ವಾಸನೆ! ಎಷ್ಟು ವರ್ಷವಾಗಿತ್ತು. ನಾನು ಕಣ್ಣು ಮುಚ್ಚಿ ಎದೆ ತುಂಬ ಎಳೆದುಕೊಂಡೆ. ಅಮ್ಮ, ಹಂಡೆ, ಸೀಗೆಪುಡಿಯ ಬಟ್ಟಲು, ಎಲ್ಲ ಕಣ್ಣೆದುರು ಬಂತು. “ರಿಯಾ, ಇದು ನಿನ್ನ ಅಜ್ಜಿಮನೆಯ ಪರಿಮಳ, ನೋಡು,” ಎಂದು ಮಗಳಿಗೂ ಹೇಳಿದೆ. ಅವಳು ಮೂಗು ಮುಚ್ಚಿಕೊಂಡು “ಇಟ್ಸ್ ಜಸ್ಟ್ ಸ್ಮೋಕ್, ಮಮ್ಮಿ,” ಎಂದಳು.

ಪಾಕ್ ದಾವೂದ್ ತಿನ್ನುವುದನ್ನು ನಿಲ್ಲಿಸಿದ್ದರು. “ಇಲ್ಲಿ ಯಾರೂ ಏನೂ ಸುಡುವುದಿಲ್ಲ,” ಎಂದರು. “ಇದು ಒಂಬತ್ತನೇ ಪೆಟ್ಟಿಗೆಯ ಕಡೆಯಿಂದ ಬರ್ತಾ ಉಂಟು. ಒಮ್ಮೆ ಹೋಗಿ ನೋಡಿ ಬರ್ತೇನೆ.”

ಎದ್ದು ಬಾಗಿಲ ಹಿಂದಿನ ಕೋಲಿಗೆ ಕೈ ಹಾಕಿದರು. ಮಂಡಿ ಹಿಡಿದುಕೊಂಡದ್ದನ್ನು ನಾನು ಕಂಡೆ. ಬಿಸಿಲು ರಣರಣ ಎನ್ನುತ್ತಿತ್ತು. ನಾನು ಫೋನು ತೆಗೆದೆ. ಒಂಬತ್ತು ಹಸಿರು. ಎಂಟು, ಹತ್ತು, ಅವೂ ಹಸಿರು.

“ನೀರು ಚೆನ್ನಾಗಿ ಉಂಟು ಪಾಕ್, ಇಲ್ಲಿ ನೋಡಿ. ಆಚೆ ಯಾರೋ ತೆಂಗಿನ ಸಿಪ್ಪೆ ಸುಡ್ತಿರಬೇಕು. ಈ ಬಿಸಿಲಿಗೆ ನೀವು ನಡೆಯಬೇಕಾಗಿಲ್ಲ.”

ಅವರು ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. ಕಾಡಿನ ಕಡೆ ನೋಡಿದರು. ಮತ್ತೆ ಫೋನು ನೋಡಿದರು. “ಪೆಟ್ಟಿಗೆ ಹೇಳುವುದಾದರೆ ಸರಿ,” ಎಂದು ಕೋಲನ್ನು ಬಾಗಿಲ ಹಿಂದೆ ಇಟ್ಟರು. ನನಗೆ ಅವರ ಮಂಡಿಗೆ ಉಪಕಾರ ಮಾಡಿದ ಸಮಾಧಾನ. ರಿಯಾ ಕಾರಿನಲ್ಲಿ ನಿದ್ದೆ ಹೋದಳು, ನಾನು ದಾರಿಯುದ್ದಕ್ಕೂ ಅಮ್ಮನನ್ನು ನೆನೆಸಿಕೊಂಡು ಖುಷಿಯಾಗಿ ಡ್ರೈವ್ ಮಾಡಿದೆ.

ಮೂರನೇ ದಿನಕ್ಕೆ ಹೊಗೆ ಬಾಂಗ್ಸಾರಿಗೂ ಬಂತು. ಒಂಬತ್ತನೇ ಪೆಟ್ಟಿಗೆಯ ಕೆಳಗೆ ಬೆಂಕಿ ಎಷ್ಟೋ ದಿನದಿಂದ ಒಳಗೊಳಗೇ ತೆವಳುತ್ತಿತ್ತು, ಈಗ ಮೇಲೆ ಎದ್ದಿತ್ತು. ಆ ಎರಡು ವಾರ ಹೊರಗಿನ ಬೆಳಕು ಕಡು ಚಹಾದ ಬಣ್ಣದ್ದಾಗಿತ್ತು. ಶಾಲೆಗಳಿಗೆ ರಜೆ. ಅಂಗಡಿಗಳಲ್ಲಿ ಗಾಳಿ ಶುದ್ಧ ಮಾಡುವ ಯಂತ್ರಗಳು ಖಾಲಿಯಾದವು, ನಮಗೆ ಒಂದು ಸಿಕ್ಕಿತು. ರಿಯಾ ಅದರ ಎದುರೇ ಕೂತು ಬಣ್ಣ ಹಚ್ಚುತ್ತಿದ್ದಳು. ಅದರಲ್ಲೂ ಒಂದು ಸಣ್ಣ ದೀಪ, ಗಾಳಿ ಸರಿಯಿದ್ದರೆ ಹಸಿರು. ಆ ದೀಪವನ್ನು ನೋಡಿದಾಗಲೆಲ್ಲ ನನಗೆ ಅದನ್ನು ಎತ್ತಿ ಕಿಟಕಿಯಿಂದ ಎಸೆಯಬೇಕು ಅನ್ನಿಸುತ್ತಿತ್ತು. ಆದರೆ ಮಗಳ ಕೆಮ್ಮು ಕಡಿಮೆಯಾಗಿದ್ದೂ ಅದರಿಂದಲೇ. ಆ ಭಾಗ್ಯ ಪಾಕ್ ದಾವೂದರ ಹಳ್ಳಿಯ ಮಕ್ಕಳಿಗೆ ಇರಲಿಲ್ಲ.

ಬೆಂಕಿ ಆರಿಸಲು ಏನೇನು ತಂದರು! ಹೆಲಿಕಾಪ್ಟರಿನಿಂದ ನೀರು ಸುರಿದರು, ಅದು ನೆಲ ತಾಗುವ ಮೊದಲೇ ಹಬೆಯಾಗುತ್ತಿತ್ತಂತೆ. ಬಿಸಿ ಎಲ್ಲಿದೆ ಎಂದು ಮೇಲಿನಿಂದ ನೋಡುವ ಡ್ರೋನ್ ತಂದರು, ಹೊಗೆಯಲ್ಲಿ ಎರಡು ಕಳೆದುಹೋದವು. ವಿಮಾನ ಹಾರಿಸಿ ಮೋಡಕ್ಕೆ ಉಪ್ಪು ಎರಚಿದರು. ಮಳೆ ಬಂತು, ಸಮುದ್ರದ ಮೇಲೆ. ಕೊನೆಗೆ ಹಳ್ಳಿಯವರು ಅಗ್ನಿಶಾಮಕದವರ ಜೊತೆ ಕಾಡಿನೊಳಗೆ ಪೈಪು ಹೊತ್ತುಕೊಂಡು ಹೋದರು. ಎಲ್ಲಿ ಕಾಲಿಡಬೇಕು ಎಂದು ಗೊತ್ತಿದ್ದವರು ಒಬ್ಬರೇ, ಅವರೇ ಮುಂದೆ ನಡೆದರು. ಬೆಂಕಿ ಒಳಗಿನಿಂದ ತಿಂದು ಟೊಳ್ಳು ಮಾಡಿದ ನೆಲ ಮೇಲೆ ನೋಡಲು ಗಟ್ಟಿಯಾಗಿಯೇ ಕಾಣುತ್ತದೆ. ಪಾಕ್ ದಾವೂದರ ಬಲಗಾಲು ಮಂಡಿಯವರೆಗೆ ಕೆಂಡದೊಳಗೆ ಇಳಿಯಿತು.

ಅವರ ಹೆಂಡತಿ ಫೋನು ಮಾಡಿದ ದಿನ ನಾನು ಆಫೀಸಿನಲ್ಲಿ ಪರದೆಯ ಎದುರು ಕೂತು, ಸರಾಸರಿ ಮಾಡದ ಹಸಿ ಅಂಕಿಗಳನ್ನು ಮೊದಲ ಬಾರಿಗೆ ತೆರೆದೆ. ಒಂಬತ್ತನೇ ಪೆಟ್ಟಿಗೆ ಹತ್ತೊಂಬತ್ತು ದಿನದಿಂದ ಗಂಟೆಗೊಮ್ಮೆ ಹೇಳುತ್ತಲೇ ಇತ್ತು. ನೀರಿಲ್ಲ, ನೀರಿಲ್ಲ, ನೀರಿಲ್ಲ. ಅಕ್ಕಪಕ್ಕದ ಪೆಟ್ಟಿಗೆಗಳು ಇನ್ನೂ ಪರವಾಗಿಲ್ಲ ಎನ್ನುತ್ತಿದ್ದವು, ನನ್ನ ನಾಲ್ಕು ಸಾಲು ಅವುಗಳ ಮಾತನ್ನು ಇದರ ಬಾಯಿಗೆ ತುರುಕಿತ್ತು. ಆಮೇಲೆ ತಿಳಿಯಿತು, ಕಾಡಿನ ಆಚೆಯ ತಾಳೆ ಎಣ್ಣೆ ತೋಟದವರು ಆ ಮೂಲೆಯ ಪಕ್ಕದಲ್ಲೇ ಹೊಸದಾಗಿ ಕಾಲುವೆ ತೋಡಿದ್ದರು. ನೀರೆಲ್ಲ ಅಲ್ಲಿಂದ ಇಳಿದು ಹೋಗಿತ್ತು. ಕಾರ್ತಿಕ್‌ನನ್ನು ಕರೆದು ತೋರಿಸಿದೆ. ಅವನ ಮುಖ ಬಿಳಿಚಿತು. ಅಂಕಿಗಳನ್ನು ಮೇಲಿನಿಂದ ಕೆಳಗಿನವರೆಗೆ ತಾನೇ ಓದಿದ.

“ಇದು ಯಾರಿಗೂ ಗೊತ್ತಾಗ್ಬೇಕಾ ಮೇಡಂ?” ಎಂದ, ಆಮೇಲೆ ತಾನೇ “ಗೊತ್ತಾಗ್ಬೇಕು,” ಎಂದ. ಅವನನ್ನು ಕೆಟ್ಟವನೆಂದು ನಾನು ಯಾವತ್ತೂ ಹೇಳಲಾರೆ.

ಸೆಪ್ಟೆಂಬರ್ ಎಂಟರ ಹಿಂದಿನ ದಿನ ಹಳ್ಳಿಯಿಂದ ಯಾರೋ ಕ್ವಾಲಾಲಂಪುರಕ್ಕೆ ಬರುವವರ ಕೈಯಲ್ಲಿ ತೆನೆಯ ಕಟ್ಟು ಬಂತು. ಪಾಕ್ ದಾವೂದ್ ಆಸ್ಪತ್ರೆಯಲ್ಲಿ ಮಲಗಿಕೊಂಡೇ ಹೆಂಡತಿಗೆ ನೆನಪು ಮಾಡಿದ್ದರಂತೆ, ಲೀನಾಳ ಹಬ್ಬ ಬಂತು, ಕೊಯ್ದು ಕಳಿಸು ಎಂದು. ಆ ಕಟ್ಟನ್ನು ಎತ್ತಿಕೊಂಡಾಗಲೇ ನನಗೆ ಏನೋ ಅನ್ನಿಸಿತ್ತು, ತೂಕವೇ ಇರಲಿಲ್ಲ. ಇಗರ್ಜಿಯಲ್ಲಿ ಜನ ಮಾಸ್ಕ್ ಹಾಕಿಕೊಂಡು ಹಾಡಿದರು. ಪಾದ್ರಿಗಳು ತೆನೆಯ ಮೇಲೆ ನೀರು ಚಿಮುಕಿಸಿದಾಗ ಬೂದಿ ಕರಗಿ ಕಪ್ಪು ಹನಿಗಳು ಬಿಳಿ ಬಟ್ಟೆಯ ಮೇಲೆ ಬಿದ್ದವು. ಮನೆಗೆ ಬಂದು ಪದ್ಧತಿಯಂತೆ ಮೇಜಿನ ಸುತ್ತ ಕೂತು ಕಾಳು ಸುಲಿಯತೊಡಗಿದೆವು. ರಿಯಾ ಒಂದು ಸುಲಿದಳು, ಎರಡು ಸುಲಿದಳು.

“ಮಮ್ಮಿ, ದೇರ್ಸ್ ನಥಿಂಗ್ ಇನ್‌ಸೈಡ್.”

ರೋಶನ್ ಒಂದು ಸುಲಿದ. ನಾನು ಹತ್ತು ಸುಲಿದೆ, ಇಪ್ಪತ್ತು ಸುಲಿದೆ. ಎಲ್ಲ ಜೊಳ್ಳು. ಕಾಳಿಗೆ ಹಾಲು ತುಂಬುವ ಹೊತ್ತಿಗೆ ಗದ್ದೆಗೆ ನೀರೂ ಸಿಕ್ಕಿರಲಿಲ್ಲ, ಹೊಗೆಯಲ್ಲಿ ಬಿಸಿಲೂ ಸಿಕ್ಕಿರಲಿಲ್ಲ. ನಾನು ಉಗುರು ನೋಯುವವರೆಗೆ ಸುಲಿಯುತ್ತಲೇ ಹೋದೆ. ರೋಶನ್ ಕೊನೆಗೆ ಕೈ ಹಿಡಿದು ನಿಲ್ಲಿಸಿದ. “ಅಂಗಡಿ ಅಕ್ಕಿ ನಾಲ್ಕು ಕಾಳು ಹಾಕು ಲವೀ, ದೇವರು ಬೇಸರ ಮಾಡ್ಲಿಕ್ಕಿಲ್ಲ,” ಎಂದ. ಹಾಕಿದೆವು. ಕುಡಿದೆವು. ನಾನು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ.

ಮರುವಾರ ಆಸ್ಪತ್ರೆಗೆ ಹೋದೆ. ಅವರ ಕಾಲು ಉಳಿದಿತ್ತು, ಆದರೆ ನರಗಳು ಸತ್ತಿದ್ದವು. ಹೊಗೆ ಕುಡಿದು ಅವರಿಗೆ ಮಾತಿನ ನಡುವೆ ನಾಲ್ಕು ಸಲ ಉಸಿರು ಎಳೆದುಕೊಳ್ಳಬೇಕಿತ್ತು. ಎಲ್ಲವನ್ನೂ ಹೇಳಿದೆ. ಪೆಟ್ಟಿಗೆ ನಿಜ ಹೇಳುತ್ತಿತ್ತು, ನಾನು ಅದರ ಬಾಯಿ ಮುಚ್ಚಿದ್ದೆ, ಆ ಶನಿವಾರ ನೀವು ಹೋಗಿ ನೋಡಿದ್ದರೆ ಬೆಂಕಿ ಇನ್ನೂ ಸಣ್ಣದಿತ್ತು, ಹೋಗಬೇಡಿ ಎಂದವಳು ನಾನು. ನನ್ನ ಹರಕು ಮಲಯದಲ್ಲಿ ಇದನ್ನೆಲ್ಲ ಹೇಳುವುದು ಎಷ್ಟು ಕಷ್ಟವಾಯಿತೆಂದರೆ, ‘ಸರಾಸರಿ’ ಎನ್ನುವ ಪದ ಗೊತ್ತಿಲ್ಲದೆ ಕೈಯಲ್ಲಿ ಮಾಡಿ ತೋರಿಸಿದೆ.

“ನನಗೂ ಮೂಗು ಇತ್ತಲ್ಲ, ಲೀನಾ,” ಎಂದರು ಕೊನೆಗೆ. “ನಲವತ್ತು ವರ್ಷದ ಮೂಗು. ನಾನೂ ಅದನ್ನು ನಂಬಲಿಲ್ಲ.”

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಆ ಮಾತು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಆಮೇಲೆ ಆದದ್ದನ್ನು ಹೇಳಲು ನಾಚಿಕೆಯಾಗುತ್ತದೆ. ನಮ್ಮ ತಪ್ಪನ್ನು ನಾವು ಮುಚ್ಚಿಡಲಿಲ್ಲ, ವರದಿ ಬರೆದೆವು. ಆ ವರದಿಯನ್ನು ಎಲ್ಲರೂ ಮೆಚ್ಚಿದರು. ಇಷ್ಟು ಹತ್ತಿರದಿಂದ, ಇಷ್ಟು ದಿನದ ಅಂಕಿಗಳ ಸಮೇತ ಒಂದು ಕಾಡು ಒಣಗಿ ಉರಿದುಹೋದ ದಾಖಲೆ ಯಾರ ಹತ್ತಿರವೂ ಇರಲಿಲ್ಲವಂತೆ. ಬೆಂಕಿಯ ಮುನ್ಸೂಚನೆ ಕೊಡುವ ನಮ್ಮ ಕಂಪ್ಯೂಟರ್ ಯಂತ್ರಕ್ಕೆ ಆ ಅಂಕಿಗಳನ್ನು ತಿನ್ನಿಸಿದೆವು. ಈಗ ಅದು ಮೊದಲಿಗಿಂತ ಎಷ್ಟೋ ಚುರುಕು, ಮಂಗನ ಚೇಷ್ಟೆ ಯಾವುದು, ನಿಜವಾದ ಬಾಯಾರಿಕೆ ಯಾವುದು ಎಂದು ಗುರುತಿಸುತ್ತದೆ. ಬೇರೆ ದೇಶದವರೂ ಕೇಳಿಕೊಂಡು ಬಂದರು. ಕಾರ್ತಿಕ್ ವೇದಿಕೆಗಳ ಮೇಲೆ “ಆ ಬೆಂಕಿಯಿಂದ ನಮ್ಮ ಮಾಡೆಲ್ ತುಂಬ ಕಲ್ತಿದೆ” ಎನ್ನುತ್ತಾನೆ, ಹೇಳುವಾಗ ನನ್ನ ಕಡೆ ನೋಡುವುದಿಲ್ಲ. ನನ್ನನ್ನು ತಜ್ಞೆ ಎಂದು ಕರೆಯತೊಡಗಿದ್ದು ಆಗಿನಿಂದಲೇ.

ಕಾಲುವೆಯ ಬಗ್ಗೆ ಪತ್ರ ಬರೆದೆವು. ಮತ್ತೆ ಬರೆದೆವು. ಅದು ಇವತ್ತಿಗೂ ಹರಿಯುತ್ತಿದೆ. ನನಗೆ ಎಷ್ಟೋ ಸಲ ಅನ್ನಿಸುವುದುಂಟು, ಆ ನಾಲ್ಕು ಸಾಲು ನಾನು ಬರೆಯದೇ ಇದ್ದಿದ್ದರೆ, ಹತ್ತೊಂಬತ್ತು ದಿನವೂ ಪರದೆ ಕೆಂಪಾಗಿಯೇ ಇದ್ದಿದ್ದರೆ, ಏನಾಗುತ್ತಿತ್ತು? ಸದ್ದು ನಿಲ್ಲಿಸಿಟ್ಟ ನಲವತ್ತು ಜನರ ಗುಂಪಿಗೆ ಎಚ್ಚರಿಕೆ ಬಂದು ಬೀಳುತ್ತಿತ್ತು. ಕಾಲುವೆ ಮುಚ್ಚಲು ಯಾರು ಹಾರೆ ಎತ್ತುತ್ತಿದ್ದರು? ನನಗೆ ಒಬ್ಬರ ಹೆಸರೂ ಹೊಳೆಯುವುದಿಲ್ಲ, ಪಾಕ್ ದಾವೂದರದ್ದು ಬಿಟ್ಟರೆ. ಹೀಗೆ ಯೋಚಿಸಿದರೆ ನನ್ನ ತಪ್ಪು ಹಗುರವಾಗಬೇಕಿತ್ತು. ಆಗುವುದಿಲ್ಲ. ಎದೆಯ ಮೇಲೆ ಇನ್ನೊಂದು ಕಲ್ಲು ಏರಿದ ಹಾಗಾಗುತ್ತದೆ, ಅಷ್ಟೇ.

ನಿಲಾಯ್‌ನಲ್ಲಿ ನಾನು ಇದನ್ನೆಲ್ಲ ಹೇಳಲಿಲ್ಲ. ತಯಾರು ಮಾಡಿಕೊಂಡ ಚಿತ್ರಗಳನ್ನು ತೋರಿಸಿದೆ, ಮೊದಲಿನ ಯಂತ್ರ, ಈಗಿನ ಯಂತ್ರ. ಕೊನೆಯಲ್ಲಿ ಮುಂದಿನ ಸಾಲಿನ ಒಬ್ಬ ಹುಡುಗಿ ಎದ್ದು ನಿಂತಳು. ಮಣಿಪಾಲದಿಂದ ಬಂದು ಅಲ್ಲೇ ಪಾಠ ಮಾಡುವ ಲೆಕ್ಚರರ್ ದಂಪತಿಯ ಮಗಳಂತೆ, ನಾನು ಮಂಗಳೂರಿನವಳೆಂದು ತಿಳಿದು ಮೊದಲೇ ಬಂದು ಮಾತಾಡಿಸಿದ್ದಳು. “ಸೋ ಆಂಟಿ, ಯೆಸ್ ಆರ್ ನೋ? ಕ್ಯಾನ್ ಇಟ್ ಸೇವ್ ಅಸ್?” ಅವಳ ಕಣ್ಣಿನಲ್ಲಿ ತಮಾಷೆ ಇರಲಿಲ್ಲ. ಇಪ್ಪತ್ತು ವರ್ಷದ ಮಗು, ಬದುಕಬೇಕಾದವಳು, ನಿಜವಾಗಿಯೂ ಕೇಳುತ್ತಿದ್ದಳು. “ನಂಗೆ ಗೊತ್ತಿಲ್ಲ ಮಗಾ,” ಎಂದೆ, ಕನ್ನಡದಲ್ಲೇ. ಉಳಿದವರಿಗೆ ಅರ್ಥವಾಗಲಿಲ್ಲ, ಚಪ್ಪಾಳೆ ತಟ್ಟಿದರು.

ಮರುದಿನ ಪಾಕ್ ದಾವೂದರಲ್ಲಿಗೆ ಹೋದೆ. ಮುಂದಿನ ವಾರ ಹಬ್ಬ, ತೆನೆ ಕೇಳಬೇಕಿತ್ತು. ಜಗುಲಿಯಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಅದೇ ಬಿದಿರಿನ ಕೋಲು, ಈಗ ಸೊಂಟದೆತ್ತರಕ್ಕೆ ಕತ್ತರಿಸಿ ಮೇಲೆ ಬಟ್ಟೆ ಸುತ್ತಿದ್ದಾರೆ, ಬಚ್ಚಲಿಗೆ ಹೋಗಿಬರಲು ಊರಿಕೊಳ್ಳುವ ಕೋಲು. ಗೀರುಗಳು ಇನ್ನೂ ಕಾಣುತ್ತವೆ. ಕಾಡಿನ ಕಡೆಗೆ ಬೆನ್ನು ಹಾಕಿ ಕುರ್ಚಿ ಇಟ್ಟುಕೊಂಡಿದ್ದರು. ನಾನು ಮಾತ್ರ ಆ ಕಡೆ ನೋಡಿದೆ. ಒಂಬತ್ತನೇ ಪೆಟ್ಟಿಗೆಯಿದ್ದ ಮೂಲೆಯಲ್ಲಿ ನೆಲ ಸುಟ್ಟು ಕಾಲುವೆಗಿಂತಲೂ ಕೆಳಗೆ ಕುಸಿದಿದೆ. ಕುಸಿದ ಕಡೆ ನೀರು ಬಂದು ನಿಂತಿದೆ, ಅಗಲವಾದ ಕಪ್ಪು ನೀರು, ನಡುನಡುವೆ ಬೂದುಬಣ್ಣದ ಮೋಟು ಮರಗಳು. ಒಂದು ಹಕ್ಕಿಯೂ ಇರಲಿಲ್ಲ. ಕೊಳವೆ ಮಾತ್ರ ಹೇಗೋ ನಿಂತಿದೆ, ಅದರ ತಲೆಯ ಮೇಲೆ ಹೊಸದಾಗಿ ಹಾಕಿದ ಪೆಟ್ಟಿಗೆ.

ತೆನೆಯ ಮಾತು ಮುಗಿಯಿತು. ಅವರು ಜೇಬಿನಿಂದ ಫೋನು ತೆಗೆದು ನನ್ನ ಕೈಗೆ ಕೊಟ್ಟರು. ಈಚೆಗೆ ಕಣ್ಣು ಸರಿಯಾಗಿ ಕಾಣುವುದಿಲ್ಲವಂತೆ.

“ನೋಡು ಲೀನಾ, ಒಂಬತ್ತನೆಯದು ಏನು ಹೇಳ್ತದೆ ಇವತ್ತು?”

ನಾನು ಸರಾಸರಿ ಮಾಡದ ಅಂಕಿಯನ್ನೇ ತೆರೆದು ನೋಡಿದೆ. ಎರಡು ಸಲ ನೋಡಿದೆ. ಯಂತ್ರದಲ್ಲಿ ಏನೂ ತಪ್ಪಿರಲಿಲ್ಲ.

“ನೀರು ತುಂಬ ಉಂಟು ಪಾಕ್. ನೆಲದ ಮೇಲಿನವರೆಗೂ ಉಂಟು.”

ಅವರು ತಲೆಯಾಡಿಸಿದರು. ಉಸಿರು ಎಳೆದುಕೊಂಡು ಕೋಲನ್ನು ಗೋಡೆಗೆ ಒರಗಿಸಿದರು.

“ಹಾಗಾದರೆ ನಾನು ನಡೆಯಬೇಕಾಗಿಲ್ಲ.”

“ಇಲ್ಲ ಪಾಕ್,” ಎಂದೆ. “ನಡೆಯಬೇಕಾಗಿಲ್ಲ.”